ಟಿವಿಯವರು ಸ್ಟಾಫ್‌ರೂಮ್ ಅಂದಗೊಳಿಸಲು ಬರ್ತಿದ್ದಾರೆ: ಮಳೆಗಾಲ, ಎರಡೇ ದಿನ, ಏನೇನು ನೋಡಿಕೊಳ್ಳಬೇಕು?

ಮೇಷ್ಟ್ರು_ಸಾಗರಸೀಮೆ
ಸಾಗರ ತಾಲ್ಲೂಕಿನ ಅನುದಾನಿತ ಪ್ರೌಢಶಾಲೆ ನಮ್ಮದು. ಕೋಣೆ ಬದಲಾಯಿಸುವ ಒಂದು ಟಿವಿ ಕಾರ್ಯಕ್ರಮದವರು ನಮ್ಮ ಶಿಕ್ಷಕರ ಕೊಠಡಿ ಆರಿಸಿಕೊಂಡಿದ್ದಾರೆ. ಆಗಸ್ಟ್‌ನಲ್ಲಿ ಒಂದು ಶನಿವಾರ ಬೆಳಿಗ್ಗೆ ಬಂದು ಭಾನುವಾರ ಸಂಜೆಗೆ ಮುಗಿಸುತ್ತಾರಂತೆ. ಖರ್ಚೆಲ್ಲ ಅವರದೇ.

ಕೊಠಡಿ 20 ಅಡಿ ಉದ್ದ, 15 ಅಡಿ ಅಗಲ, ಗೋಡೆ 10 ಅಡಿ ಎತ್ತರ. ಕೆಂಪುಕಲ್ಲಿನ ಗೋಡೆ, ಮೇಲೆ ಸುಣ್ಣದ ಗಾರೆ, ವರ್ಷ ವರ್ಷ ಬಳಿದ ಸುಣ್ಣ. ಮಂಗಳೂರು ಹಂಚಿನ ಮಾಡು, ಕೆಂಪು ಗಾರೆ ನೆಲ. ಪಶ್ಚಿಮದ ಗೋಡೆ ಮಳೆಗಾಲದಲ್ಲಿ ಮೂರಡಿವರೆಗೆ ತೇವ ಎಳೆಯುತ್ತದೆ. ಕರೆಂಟಿಗೆ ಹಳೇ ಕಿಟ್‌ಕ್ಯಾಟ್ ಫ್ಯೂಸಿನ (ಪಿಂಗಾಣಿ ಹಿಡಿಯಲ್ಲಿ ತಂತಿ ಕಟ್ಟುವಂಥದ್ದು) 5 ಆಂಪಿಯರ್ ಲೈನ್ ಒಂದೇ.

ಅವರು ಕಳಿಸಿದ ಚಿತ್ರದಲ್ಲಿ ಇರುವುದು ಇಷ್ಟು: ಮೂರು ಗೋಡೆಗೆ ಪ್ಲಾಸ್ಟಿಕ್ ಪೇಂಟ್, ಪಶ್ಚಿಮದ ಗೋಡೆಗೆ ವಾಲ್‌ಪೇಪರ್, ಜಿಪ್ಸಮ್ ಫಾಲ್ಸ್ ಸೀಲಿಂಗ್, ಗೋಡೆಗೆ ತೂಗುವ ಶೆಲ್ಫ್, ನೆಲಕ್ಕೆ ವಿನೈಲ್ ಹಾಸು. ಸಹೋದ್ಯೋಗಿಗಳಿಗೆಲ್ಲ ಖುಷಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಏನು ಕೇಳಬೇಕು, ಯಾವುದಕ್ಕೆ ಬೇಡ ಅನ್ನಬೇಕು? ತಿಳಿದವರು ಹೇಳಿ.

ಗಾರೆಕರಣೆ
ಆಗಸ್ಟ್ ಅಂದಿರಲ್ಲ, ಅಲ್ಲೇ ಅರ್ಧ ಉತ್ತರ ಇದೆ. ಆ ತಿಂಗಳಲ್ಲಿ ಮಲೆನಾಡಿನ ಸುಣ್ಣದ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಹೊಡೆಯೋದು ಅಂದ್ರೆ ದೀಪಾವಳಿಗೆ ಅದನ್ನು ಕೆರೆದು ತೆಗೆಯೋದಕ್ಕೆ ತಯಾರಿ.

ಕಾರಣ ಎರಡು. ಒಂದು, ಹಳೇ ಸುಣ್ಣ ಪುಡಿಪುಡಿ. ಪೇಂಟ್ ಹಿಡಿದುಕೊಳ್ಳೋದು ಆ ಪುಡಿಯನ್ನೇ ಹೊರತು ಗೋಡೆಯನ್ನಲ್ಲ. ಗಾರೆ ಕಾಣುವವರೆಗೆ ಕೆರೆಯಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಒಣಗಿದ ಮೇಲೆ ಪ್ರೈಮರ್. ಎರಡು, ಕೆಂಪುಕಲ್ಲು ನೀರು ಹೀರುತ್ತೆ, ಸುಣ್ಣದ ಗಾರೆ ಅದನ್ನ ನಿಧಾನಕ್ಕೆ ಹೊರಗೆ ಬಿಡುತ್ತೆ. ಮೇಲೆ ಪ್ಲಾಸ್ಟಿಕ್ ಪದರ ಕೂತರೆ ನೀರು ಹಿಂದೆಯೇ ನಿಂತು ಮೊದಲು ಗುಳ್ಳೆ ಬರುತ್ತೆ, ಆಮೇಲೆ ಬಿಳಿ ಉಪ್ಪು ಏಳುತ್ತೆ, ಕೊನೆಗೆ ಗಾರೆ ಸಮೇತ ಹಪ್ಪಳೆ ಕಳಚುತ್ತೆ.

ಸಮಯದ ಲೆಕ್ಕವನ್ನೂ ನೋಡಿ. ಕೆರೆಯೋಕೆ ಒಂದು ದಿನ. ಪುಟ್ಟಿ ಎರಡು ಕೋಟು, ನಡುವೆ ಆರು ಗಂಟೆಯಾದರೂ ಬಿಡಬೇಕು, ಎರಡನೇದು ಇಡೀ ರಾತ್ರಿ ಒಣಗಬೇಕು. ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಎರಡು ಕೋಟು ಪೇಂಟ್. ಡಬ್ಬಿ ಮೇಲೆ ನಾಲ್ಕು ಗಂಟೆ ಅಂತ ಬರೆದಿರೋದು ಒಣ ಹವೆಗೆ. ಸೋನೆ ಹಿಡಿದ ದಿನ ಅದು ಮರುದಿನಕ್ಕೂ ಕೈಗೆ ಅಂಟುತ್ತೆ. ಎರಡು ದಿನದಲ್ಲಿ ಮುಗಿಸ್ತೀವಿ ಅಂದ್ರೆ ಇದರಲ್ಲಿ ಏನನ್ನೋ ಬಿಡ್ತಾರೆ ಅಂತಲೇ ಅರ್ಥ.

ಶಿವಮೊಗ್ಗ_ಹುಡುಗಿ
ಆದರೆ ಟಿವಿಯಲ್ಲಿ ಎರಡೇ ದಿನದಲ್ಲಿ ಮುಗಿಸಿ ತೋರಿಸ್ತಾರಲ್ಲ?

ಕಲಾವಿಭಾಗ
ಎರಡು ದಿನದ ಪದ್ಧತಿ ಹಳೇದು. ಬಿಬಿಸಿಯ ‘ಚೇಂಜಿಂಗ್ ರೂಮ್ಸ್’ 1996ರಲ್ಲಿ ಶುರುವಾದಾಗಲೇ ಎರಡು ದಿನ, 500 ಪೌಂಡ್ ಅಂತ ಕಟ್ಟು ಹಾಕಿತ್ತು. ಅಮೆರಿಕದಲ್ಲಿ 2000ದಲ್ಲಿ ಬಂದ ‘ಟ್ರೇಡಿಂಗ್ ಸ್ಪೇಸಸ್’ಗೆ ಎರಡು ದಿನ, 1000 ಡಾಲರ್. ಕ್ಯಾಮೆರಾ ಮುಂದೆ ಗಡಿಬಿಡಿ ಕಾಣಬೇಕು ಅಂತ ಮಾಡಿದ ನಿಯಮ ಅದು. ಪೇಂಟ್ ಒಣಗಲು ಎಷ್ಟು ಹೊತ್ತು ಬೇಕು ಅಂತ ನೋಡಿ ಮಾಡಿದ್ದಲ್ಲ.

ಕಲಾವಿಭಾಗದ ಬಡಗಿಗಳು ಕೈಚಳಕದವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ದಿನನಿತ್ಯದ ಕೆಲಸ ಸೆಟ್. ಸೆಟ್ ಅಂದ್ರೆ ಮುಂಭಾಗ ಮಾತ್ರ ನುಣುಪು, ಹಿಂದೆ ರೀಪರ್ ಪಟ್ಟಿ, ಸ್ಟೇಪ್ಲರ್ ಪಿನ್ನು, ಅಂಟು. ಶೂಟಿಂಗ್ ಮುಗಿದ ಮೇಲೆ ಬಿಚ್ಚೋದೇ ಅಂತ ಕಟ್ಟೋದು. ನಿಮ್ಮ ಕೊಠಡಿ ಹತ್ತು ವರ್ಷ ಬಾಳಬೇಕು. ಹಾಗಾಗಿ ಪ್ರತಿಯೊಂದು ವಸ್ತುವಿಗೂ ಅವರನ್ನು ಕೇಳಬೇಕಾದ ಪ್ರಶ್ನೆ: ಇದು ಸೆಟ್ ಕೆಲಸವೋ, ಕಟ್ಟಡದ ಕೆಲಸವೋ? ಉತ್ತರ ಬರಹದಲ್ಲಿ ತಗೊಳ್ಳಿ.

ಇನ್ನೊಂದು. ಸೋಫಾ, ದೀಪ, ಚಿತ್ರಪಟ, ಕುಂಡ ಎಷ್ಟೋ ಸಲ ಬಾಡಿಗೆ ಪ್ರಾಪ್ಸ್ ಆಗಿರುತ್ತೆ. ಕೊನೇ ಶಾಟ್ ಆದ ಮೇಲೆ ಟೆಂಪೋ ಹತ್ತುತ್ತೆ. ಉಳಿಯೋದು ಯಾವುದು, ವಾಪಸ್ ಹೋಗೋದು ಯಾವುದು ಅಂತ ಪಟ್ಟಿ ಮಾಡಿಸಿ ಒಪ್ಪಿಗೆ ಪತ್ರಕ್ಕೆ ಲಗತ್ತಿಸಿ.

ಹುಬ್ಬಳ್ಳಿ_ಬಡಿಗ್ಯಾರ
ತೂಗು ಶೆಲ್ಫ್ ಬ್ಯಾಡ್ರಿ ಸರ. ಲೆಕ್ಕಾ ಹಾಕಿ ನೋಡ್ರಿ. 75 ಜಿಎಸ್‌ಎಂ ಎ4 ಕಾಗದದ ಒಂದು ರೀಮ್, ಅಂದ್ರ 500 ಹಾಳಿ, 2.3 ಕೆಜಿ. ಮೂರು ಫೂಟ್ ಶೆಲ್ಫಿನ ತುಂಬ ಪರೀಕ್ಷೆ ಪೇಪರು, ನೋಟ್‌ಬುಕ್ಕು ಒಂದು ಫೂಟ್ ಎತ್ತರ ಒಟ್ಟಿದ್ರ 40 ಕೆಜಿ ಆಗತೈತಿ. ಹಂಗ ಮೂರು ಸಾಲು ಅಂದ್ರ 120. ಶಾಲ್ಯಾಗ ಯಾರೂ ಅಳತಿ ಮಾಡಿ ಇಡೂದಿಲ್ಲ.

ಕೆಂಪುಕಲ್ಲು ಮೆತ್ತಗ. 8 ಎಂಎಂ ಪ್ಲಾಸ್ಟಿಕ್ ಪ್ಲಗ್ ಹಾಕಿದ್ರ ತೂತು ಅಗಲಾಗಿ ಪ್ಲಗ್ ಸಮೇತ ಹೊರಗ ಬರತೈತಿ. ಹ್ಯಾಮರ್ ಹಾಕಿ ಡ್ರಿಲ್ ಮಾಡಿದ್ರಂತೂ ಕಲ್ಲ ಪುಡಿಯಾಗತೈತಿ. ನೆಲದ ಮ್ಯಾಲ ನಿಂದ್ರೂ ರ್‍ಯಾಕ್ ಮಾಡಸ್ರಿ, ಮುಂದಕ ಬೀಳದಂಗ ಮ್ಯಾಲ ಎರಡು ಕ್ಲಾಂಪ್ ಸಾಕು.

ಇನ್ನ ಹಲಗಿ. ಎಂಡಿಎಫ್ (ಕಟಗಿ ನಾರು ಒತ್ತಿ ಮಾಡಿದ ಹಲಗಿ) ಕೊಟ್ರ ಹೊಳ್ಳಿ ಕಳಸ್ರಿ. ಅಂಚಿಗೆ ನೀರು ತಾಗಿದ್ರ ಉಬ್ಬತೈತಿ, ಮತ್ತ ಹಳೇ ದಪ್ಪಕ್ಕ ಬರೂದಿಲ್ಲ. ಪಾರ್ಟಿಕಲ್ ಬೋರ್ಡ್ ಇನ್ನೂ ಕೆಟ್ಟದ್ದು. 18 ಎಂಎಂ ಪ್ಲೈವುಡ್ ಕೇಳ್ರಿ. ಹಾಳಿ ಮ್ಯಾಲ ಐಎಸ್ 303 ಬಿಡಬ್ಲ್ಯೂಆರ್ (ಕುದಿಯೂ ನೀರು ತಡಿಯೂ ದರ್ಜೆ) ಅಂತ ಮುದ್ರಿ ಇರಬೇಕು, ಇಲ್ಲಾ ಐಎಸ್ 710 (ಮರೀನ್ ಪ್ಲೈ). ಬರೇ ಎಂಆರ್ (ತೇವ ಅಷ್ಟ ತಡಿಯೂದು) ಅಂತ ಇದ್ರ ನಿಮ್ಮ ಕಡೆ ಮಳಿ ಹವಾಕ್ಕ ಅಲ್ಲ ಅದು. ಎರಡೂವರಿ ಫೂಟಿಗೊಂದು ನಿಲುವು ಹಲಗಿ ಕೊಡ್ರಿ, ಇಲ್ಲಂದ್ರ ನಡುವು ಬಾಗತೈತಿ.

ಕಲಾವಿಭಾಗ
ಬಡಿಗ್ಯಾರ್ ಅವರ ಮಾತಿಗೆ ಟಿವಿಯದೇ ಸಾಕ್ಷಿ ಇದೆ. ಅದೇ ‘ಚೇಂಜಿಂಗ್ ರೂಮ್ಸ್’ನಲ್ಲಿ ಮನೆಯವರ ಹಳೇ ಟೀ ಪಾಟ್‌ಗಳ ಸಂಗ್ರಹ ಇಡೋಕೆ ಅಂತ ತೂಗು ಶೆಲ್ಫ್ ಮಾಡಿದ್ದರು. ಶೆಲ್ಫ್ ಕುಸಿದು ಸಂಗ್ರಹ ಚೂರಾಯಿತು. ಅಲ್ಲಿ ಒಡೆದದ್ದು ಪಿಂಗಾಣಿ. ಸ್ಟಾಫ್‌ರೂಮಿನಲ್ಲಿ ಶೆಲ್ಫಿನ ಕೆಳಗೆ ಕುರ್ಚಿ ಇರುತ್ತೆ, ಕುರ್ಚಿಯಲ್ಲಿ ಮನುಷ್ಯರು ಇರುತ್ತಾರೆ.

ಕಾರ್ಕಳ_ಭಟ್ರು
ಕೆಂಪುಕಲ್ಲಿಗೆ ಏನೂ ನಿಲ್ಲುವುದಿಲ್ಲ ಅಂತಲ್ಲ ಮಾರಾಯ್ರೆ. ಕರಾವಳಿಯ ಮನೆಗಳಲ್ಲಿ ಟಿವಿ, ಗೀಸರ್ ಎಲ್ಲ ಅದೇ ಗೋಡೆಯಲ್ಲಿ ಇದೆ. ಹ್ಯಾಮರ್ ಆಫ್ ಮಾಡಿ ತೂತು ಕೊರೆದು, ಧೂಳು ಊದಿ, ಜಾಲರಿ ತೋಳಿನೊಳಗೆ ಕೆಮಿಕಲ್ ಆ್ಯಂಕರ್ (ಬೋಲ್ಟು ಹಿಡಿಸುವ, ಆಮೇಲೆ ಗಟ್ಟಿಯಾಗುವ ಅಂಟು) ತುಂಬಿದರೆ ಗಟ್ಟಿ ಹಿಡಿಯುತ್ತದೆ. ಗೋಡೆಯ ಆಚೆ ಬದಿ ಸಿಕ್ಕಿದರೆ ಇನ್ನೂ ಸುಲಭ, ಆರುಪಾರು ಬೋಲ್ಟು ಹಾಕಿ ಹಿಂದೆ ಪಟ್ಟಿ ಕೊಡಿ.

ಹುಬ್ಬಳ್ಳಿ_ಬಡಿಗ್ಯಾರ
ಖರೆ. ಆದ್ರ ಕೆಮಿಕಲ್ ಗಟ್ಟಿಯಾಗೂತನಕ ಭಾರ ಹಾಕಬಾರದಲ್ರಿ. ಎರಡು ದಿನದ ಶೂಟಿಂಗನ್ಯಾಗ ಅಷ್ಟು ತಡೀತಾರೇನು? ಆರುಪಾರು ಬೋಲ್ಟ್ ಆದ್ರ ನನ್ನ ತಕರಾರು ಇಲ್ಲ.

ವೈರ್‌ಮನ್_ಶಿರಸಿ
ಕರೆಂಟಿನ ವಿಷಯ ಯಾರೂ ಎತ್ತಲಿಲ್ಲ. 5 ಆಂಪಿಯರ್ ಲೈನ್ ಅಂದ್ರೆ 230 ವೋಲ್ಟಿಗೆ 1150 ವ್ಯಾಟ್. ಅದರಲ್ಲಿ ಫ್ಯಾನು, ಟ್ಯೂಬು, ಪ್ರಿಂಟರ್ ಆಗಲೇ ಇದೆ. ಶೂಟಿಂಗಿನವರ ಹಳೇ ಹ್ಯಾಲೊಜನ್ ದೀಪ ಒಂದೊಂದೇ 1000 ವ್ಯಾಟ್. ಎರಡು ಹಚ್ಚಿದರೆ 8.7 ಆಂಪಿಯರ್. ಮರ ಕೊಯ್ಯುವ ಮಷೀನಿಗೆ ಇನ್ನೊಂದು ಸಾವಿರದ ಮೇಲೆ.

ಫ್ಯೂಸ್ ಹೋಗೋದು ಅಪಾಯ ಅಲ್ಲ. ಹೋದ ಫ್ಯೂಸಿಗೆ ಗಡಿಬಿಡಿಯಲ್ಲಿ ಯಾರೋ ದಪ್ಪ ತಂತಿ ಸುತ್ತುತ್ತಾರೆ, ಅದು ಅಪಾಯ. ಆಮೇಲೆ ಫ್ಯೂಸ್ ಕರಗೋ ಬದಲು ಲೈನಿನ ವೈರೇ ಬಿಸಿಯಾಗುತ್ತೆ. ಹಂಚಿನ ಮಾಡಿನಲ್ಲಿ ವೈರ್ ಮರದ ಪಟ್ಟಿ ಮೇಲೇ ಹೋಗಿರುತ್ತೆ.

ಅವರ ದೀಪಕ್ಕೂ ಮಷೀನಿಗೂ ಅವರದೇ ಜನರೇಟರ್ ಅಂತ ಬರೆಸಿಕೊಳ್ಳಿ. ಶಾಲೆಯ ಲೈನಿಗೆ ಕೈ ಹಾಕಬಾರದು. ಕೊಠಡಿಗೆ ಹೊಸ ವೈರಿಂಗ್ ಅವರೇ ಮಾಡಿಸಿಕೊಟ್ಟರೆ ಬಹಳ ಒಳ್ಳೇದು: ದೀಪದ ಲೈನಿಗೆ 1.5 ಚದರ ಎಂಎಂ ವೈರ್, 6 ಆಂಪಿಯರ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್). 16 ಆಂಪಿಯರ್ ಸಾಕೆಟ್ಟಿಗೆ ಬೇರೆ ಲೈನ್, 4 ಚದರ ಎಂಎಂ. ಎಲ್ಲದಕ್ಕೂ ಮೊದಲು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್. ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಪೂರ್ಣತಾ ವರದಿ ತಗೊಳ್ಳಿ, ಮುಂದೆ ಮೆಸ್ಕಾಂನಲ್ಲಿ ಲೋಡ್ ಹೆಚ್ಚಿಸುವಾಗ ಬೇಕು.

ಶಿವಮೊಗ್ಗ_ಹುಡುಗಿ
ಈಗೆಲ್ಲ ಎಲ್‌ಇಡಿ ಪ್ಯಾನಲ್ ಬಂದಿದೆಯಲ್ಲ, ಅಷ್ಟು ಕರೆಂಟ್ ಬೇಕಾ?

ವೈರ್‌ಮನ್_ಶಿರಸಿ
ಎಲ್‌ಇಡಿ ತಂದರೆ ದೀಪದ ಲೋಡ್ ಇಳಿಯುತ್ತೆ, ಒಪ್ಪಿದೆ. ಮರ ಕೊಯ್ಯುವ ಮಷೀನಿನದು ಇಳಿಯಲ್ಲ. ಏನು ತರ್ತಾರೆ, ಎಷ್ಟು ವ್ಯಾಟ್ ಅಂತ ಮೊದಲೇ ಪಟ್ಟಿ ಕೇಳಿ. ಹ್ಯಾಲೊಜನ್ ಆದರೆ ಥಿನ್ನರ್ ಡಬ್ಬಿ ಅದೇ ಕೊಠಡಿಯಲ್ಲಿ ಇರಲೇಬಾರದು.

ದಾಸ್ತಾನು_ವಹಿ
ಕಚೇರಿ ಕಡೆಯಿಂದ ನನ್ನ ಮಾತು. ಬಣ್ಣ ಕಳಚಿದರೆ ಮತ್ತೆ ಬಳಿಯಬಹುದು, ದಾಖಲೆ ಹೋದರೆ ಮುಗಿಯಿತು.

ಆಡಳಿತ ಮಂಡಳಿಯ ಠರಾವು ಮೊದಲು ಆಗಲಿ. ಅನುದಾನಿತ ಶಾಲೆಯಾದ್ದರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದು ಅನುಮತಿ ಪಡೆಯಿರಿ. ಒಪ್ಪಿಗೆ ಪತ್ರಕ್ಕೆ ಸಹಿ ಮಂಡಳಿಯದ್ದು ಇರಲಿ, ಒಬ್ಬ ಶಿಕ್ಷಕರದ್ದು ಅಲ್ಲ. ಕಟ್ಟಡ ಮಂಡಳಿಯದು.

ಹಳೇ ಮೇಜು, ಬೆಂಚು, ಬೀರು ಎಲ್ಲವೂ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ (ಶಾಲೆಯ ಸಾಮಾನಿನ ದಾಸ್ತಾನು ವಹಿ) ಏರಿರುತ್ತದೆ. ‘ಹಳೇ ಸಾಮಾನು ನಾವೇ ಸಾಗಿಸ್ತೀವಿ’ ಅಂದರೆ ಒಪ್ಪಬೇಡಿ. ವಿಲೇವಾರಿಗೆ ಠರಾವು ಆಗದೆ ಒಂದು ಸ್ಟೂಲೂ ಗೇಟು ದಾಟಬಾರದು. ಮುಂದೆ ತಪಾಸಣೆಗೆ ಬಂದವರು ವಹಿ ಹಿಡಿದು ಒಂದೊಂದೇ ಎಣಿಸುತ್ತಾರೆ. ಉಳಿಯುವ ಹೊಸ ಸಾಮಾನಿಗೆ ಶಾಲೆಯ ಹೆಸರಿಗೆ ದಾನಪತ್ರ, ಬಿಲ್ಲಿನ ನಕಲು, ವಾರಂಟಿ ಕಾರ್ಡು ತಗೊಂಡು ಅದೇ ವಾರ ವಹಿಗೆ ಏರಿಸಿ.

ದಾಖಲಾತಿ ವಹಿ, ಹಾಜರಿ, ಅಂಕವಹಿ, ವರ್ಗಾವಣೆ ಪತ್ರದ ಪುಸ್ತಕ, ನಗದು ಪುಸ್ತಕ ಎಲ್ಲ ಶುಕ್ರವಾರವೇ ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿಗೆ ಹೋಗಿ ಬೀಗ ಬೀಳಲಿ. ಗೋಡೆಗೆ ಅಂಟಿಸಿದ ಪಟ್ಟಿಗಳನ್ನೂ ತೆಗೆಯಿರಿ. ಮಕ್ಕಳ ಹೆಸರು, ಜಾತಿ, ಅಂಕ, ಪೋಷಕರ ಫೋನ್ ನಂಬರ್ ಕ್ಯಾಮೆರಾಗೆ ಬೀಳಬಾರದು. ಮಕ್ಕಳನ್ನು ತೋರಿಸುವುದಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು.

ಗಾರೆಕರಣೆ
ನಾನು ಮರೆಯೋ ಮೊದಲು, ವಾಲ್‌ಪೇಪರ್. ತೇವದ ಗೋಡೆಗೇ ಅದು! ಅಂಟಿನಲ್ಲಿ ಗಂಜಿ ಇದ್ದರೆ ಬೂಷ್ಟು ಹಿಡಿಯುತ್ತೆ, ಸಂದಿಗೆ ಸಿಲ್ವರ್‌ಫಿಶ್ ಬರುತ್ತೆ. ಅದರ ಬದಲು ಪಿವಿಸಿ ಪ್ಯಾನಲ್ ಹಾಕ್ತೀವಿ ಅಂತಾರೆ ನೋಡಿ. ಅದು ಇನ್ನೂ ಕಷ್ಟ. ಪ್ಯಾನಲ್ ಹಿಂದಿನ ಮರದ ಪಟ್ಟಿಗೆ ಒರಲೆ ಹತ್ತಿದರೂ ಹೊರಗೆ ಗೊತ್ತೇ ಆಗಲ್ಲ.

ಮೊದಲು ಗೋಡೆ ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ಪಾಲಿಥಿನ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ, ಒಂದು ದಿನ ಬಿಡಿ. ಹಾಳೆಯ ಒಳಮೈಗೆ ಹನಿ ಕೂತರೆ ನೀರು ಗೋಡೆಯಿಂದ ಬರ್ತಿದೆ. ಹೊರಮೈಗೆ ಕೂತರೆ ಅದು ಹವೆಯ ತೇವ. ನೆಲದಿಂದ ಒಂದಡಿ, ಮೂರಡಿ, ಆರಡಿ ಎತ್ತರದಲ್ಲಿ ಮೂರು ಹಾಳೆ ಹಾಕಿ. ಕೆಳಗೆ ಮಾತ್ರ ಹನಿ ಇದ್ದರೆ ತಳಪಾಯದ ತೇವ, ಮೇಲೂ ಇದ್ದರೆ ಮಾಡಿನ ಅಂಚಿನಿಂದ ಇಳೀತಿದೆ ಅಥವಾ ಹೊರಗೋಡೆಗೆ ಇರಿಚಲು ಹೊಡೀತಿದೆ. ಮದ್ದು ಬೇರೆ ಬೇರೆ. ಒಂದಕ್ಕೆ ಹೊರಗೆ ಗೋಡೆಬುಡದ ಮಣ್ಣು ತಗ್ಗಿಸಿ ನೀರು ಹರಿಸಬೇಕು, ಇನ್ನೊಂದಕ್ಕೆ ಹಂಚು, ದಂಬೆ (ಮಾಡಿನ ನೀರು ಹರಿಯುವ ಕೊಳವೆ) ಸರಿ ಮಾಡಬೇಕು. ಎರಡರಲ್ಲಿ ಯಾವುದಕ್ಕೂ ವಾಲ್‌ಪೇಪರ್ ಮದ್ದಲ್ಲ.

ತೀರ್ಥಹಳ್ಳಿ_ಎಚ್ಚೆಸ್
ಅದೆಲ್ಲ ಯಾಕೆ, ನಾಲ್ಕಡಿ ಎತ್ತರಕ್ಕೆ ಆಯಿಲ್ ಪೇಂಟ್ ಪಟ್ಟಿ ಹೊಡೆಸಿದರೆ ಸಾಕು. ಸರ್ಕಾರಿ ಕಟ್ಟಡಗಳಲ್ಲೆಲ್ಲ ಅದೇ ಇದೆ. ಒರೆಸಿದರೆ ಸ್ವಚ್ಛ.

ಗಾರೆಕರಣೆ
ಒಣ ಗೋಡೆಗೆ ಸರಿ ಸ್ವಾಮಿ. ತೇವದ ಗೋಡೆಗೆ ಆಯಿಲ್ ಪೇಂಟ್ ಎಲ್ಲಕ್ಕಿಂತ ಕೆಟ್ಟದ್ದು, ಒಂದು ಹನಿಯನ್ನೂ ಹೊರಗೆ ಬಿಡಲ್ಲ. ನಾಲ್ಕಡಿ ಮುಚ್ಚಿದರೆ ತೇವ ಐದನೇ ಅಡಿಗೆ ಏರುತ್ತೆ. ಆ ಕಟ್ಟಡಗಳಲ್ಲಿ ಪಟ್ಟಿಯ ಮೇಲಂಚಿಗೆ ಸರಿಯಾಗಿ ಗಾರೆ ಉದುರಿರುತ್ತೆ, ಗಮನಿಸಿ.

ಕಾರ್ಕಳ_ಭಟ್ರು
ಹಳೇ ಆಯಿಲ್ ಪೇಂಟ್ ಕಿಟಕಿ, ಬಾಗಿಲಿಗೆ ಇದ್ದರೆ ಒಣಗಿಸಿ ಉಜ್ಜಲು ಬಿಡಬೇಡಿ. ನಮ್ಮಲ್ಲಿ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಬಂದದ್ದು 2016ರ ನಿಯಮದಿಂದ, ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಿಂದಿನದರಲ್ಲಿ ಸೀಸ ಇರಬಹುದು ಅಂತಲೇ ನಡೆದುಕೊಳ್ಳಬೇಕು. ಒದ್ದೆ ಮಾಡಿ ನೀರು ಕಾಗದದಲ್ಲಿ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಉಜ್ಜಲಿ, ಕೆಳಗೆ ಪ್ಲಾಸ್ಟಿಕ್ ಹಾಸಲಿ, ಮಾಸ್ಕ್ ಹಾಕಲಿ. ಧೂಳು ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಎತ್ತಬೇಕು. ಸೋಮವಾರ ಮಕ್ಕಳು ಬರ್ತಾರೆ.

ಮೇಷ್ಟ್ರು_ಸಾಗರಸೀಮೆ
ಎಲ್ಲರಿಗೂ ಧನ್ಯವಾದ. ಹಾಗಾದರೆ ಗೋಡೆಗೆ ಏನು ಬಳಿಯಲಿ? ಸುಣ್ಣ ಅಂದರೆ ಟಿವಿಯವರು ಒಪ್ಪುತ್ತಾರಾ? ಬೆಳ್ಳಗೆ ಬೇಡ ಅನ್ನುತ್ತಿದ್ದಾರೆ. ಫಾಲ್ಸ್ ಸೀಲಿಂಗ್, ನೆಲದ ಬಗ್ಗೆಯೂ ಹೇಳಿ.

ಕಲಾವಿಭಾಗ
ಬೆಳ್ಳಗೆ ಬೇಡ ಅನ್ನೋದಕ್ಕೆ ಕಾರಣ ಇದೆ. ದೀಪ ಬಿದ್ದಾಗ ಬಿಳಿ ಗೋಡೆ ಕ್ಯಾಮೆರಾದಲ್ಲಿ ಉರಿದು ಹೋಗುತ್ತೆ, ಮುಂದೆ ನಿಂತವರ ಮುಖ ಕಪ್ಪಾಗುತ್ತೆ. ತಿಳಿ ಕಾವಿ ಅಥವಾ ತಿಳಿ ಹಳದಿ ಅಂದ್ರೆ ಖಂಡಿತ ಒಪ್ಪುತ್ತಾರೆ. ಸುಣ್ಣ ಕಲಸೋದು, ಬ್ರಶ್ ಎಳೆಯೋದು ಟಿವಿಗೆ ಒಳ್ಳೇ ದೃಶ್ಯ ಕೂಡ. ನೀವಾಗಿಯೇ ಸೂಚಿಸಿ.

ಗಾರೆಕರಣೆ
ಸುಣ್ಣ ಮಾಡುವ ಬಗೆ. ಒಂದು ಕೆಜಿ ಸುಟ್ಟ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು. ಡ್ರಮ್ಮಿನಲ್ಲಿ ಮೊದಲು ನೀರು, ಅದಕ್ಕೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಹಾಕಬೇಕು. ಅದು ಕುದಿಯುತ್ತೆ, ಸುಣ್ಣದ ಮೇಲೆ ನೀರು ಸುರಿದರೆ ಕಣ್ಣಿಗೆ ಸಿಡಿಯುತ್ತೆ, ಕನ್ನಡಕ ಇಲ್ಲದೆ ಯಾರೂ ಹತ್ತಿರ ಹೋಗಬಾರದು. ಒಂದು ದಿನ ನೆನೆದ ಮೇಲೆ ಒರಟು ಬಟ್ಟೆಯಲ್ಲಿ ಸೋಸಿ ಅಂಟು ಕಲಸಿ. ಅಂಟು ಕಡಿಮೆಯಾದರೆ ಬಟ್ಟೆಗೆ ಹತ್ತುತ್ತೆ. ಬಣ್ಣಕ್ಕೆ ಆಕ್ಸೈಡ್ ಪುಡಿ ಮಾತ್ರ: ಹಳದಿ, ಕೆಂಪು. ಬೇರೆ ಬಣ್ಣಗಳನ್ನ ಸುಣ್ಣ ತಿಂದುಬಿಡುತ್ತೆ. ಎಲ್ಲ ಕೋಟಿಗೂ ಸಾಕಾಗುವಷ್ಟು ಬಣ್ಣ ಒಂದೇ ಸಲ ಕಲಸಿ, ಎರಡನೇ ಸಲ ಅದೇ ಛಾಯೆ ಬರಲ್ಲ. ಒದ್ದೆ ಇರುವಾಗ ಗಾಢ ಕಾಣುತ್ತೆ, ಒಣಗಿದ ಮೇಲೆ ಎಷ್ಟೋ ತಿಳಿಯಾಗುತ್ತೆ. ರಟ್ಟಿನ ಮೇಲಲ್ಲ, ಗೋಡೆ ಮೂಲೆಯಲ್ಲೇ ಬಳಿದು ನೋಡಿ. ತೆಳುವಾಗಿ ಮೂರು ಕೋಟು.

ತೀರ್ಥಹಳ್ಳಿ_ಎಚ್ಚೆಸ್
ಸುಣ್ಣ ಅಂದರೆ ಪ್ರತಿವರ್ಷ ಬಳಿಯಬೇಕಲ್ಲ. ಒರಗಿದರೆ ಬೆನ್ನೆಲ್ಲ ಬಿಳಿ. ಕಾರ್ಯಕ್ರಮ ಬರೋದು ಒಂದು ಸಲ, ಪ್ರತಿವರ್ಷದ ಖರ್ಚು ಯಾರದ್ದು?

ಗಾರೆಕರಣೆ
ಎರಡು ಮೂರು ವರ್ಷಕ್ಕೊಮ್ಮೆ ಬಳಿದರೂ ನಡೆಯುತ್ತೆ. ಪ್ಲಾಸ್ಟಿಕ್ ಪೇಂಟಿನ ಲೆಕ್ಕ ಹಾಕಿ. ಬಾಗಿಲು, ಕಿಟಕಿ ಕಳೆದು ಗೋಡೆ 600 ಚದರಡಿ. ಎರಡು ಕೋಟಿಗೆ ಒಂಬತ್ತು ಹತ್ತು ಲೀಟರ್ ಎಮಲ್ಷನ್ (ಅದೇ ಪ್ಲಾಸ್ಟಿಕ್ ಪೇಂಟ್), 40ರಿಂದ 50 ಕೆಜಿ ಪುಟ್ಟಿ, ಪ್ರೈಮರ್, ಕೆರೆಯುವ ಕೂಲಿ. ಅದು ಹಾಳಾದಾಗ ಮತ್ತೆ ಕೆರೆಯುವ ಕೂಲಿ, ಗಾರೆ ತೇಪೆ. ಬೆನ್ನಿಗೆ ಹತ್ತೋದು ನಿಜ. ಅದಕ್ಕೆ ಕುರ್ಚಿ ಬೆನ್ನಿನ ಎತ್ತರಕ್ಕೆ ಒಂದು ಮರದ ಪಟ್ಟಿ ಹೊಡೆಸಿ, ಗೋಡೆಗೂ ಪಟ್ಟಿಗೂ ನಡುವೆ ಅರ್ಧ ಇಂಚು ಗಾಳಿ ಬಿಟ್ಟು.

ಹೆಂಚಿನಮಾಡು
ಫಾಲ್ಸ್ ಸೀಲಿಂಗ್ ಬೇಡ. ಕೊಠಡಿ 300 ಚದರಡಿ, ಅಂದರೆ 28 ಚದರ ಮೀಟರ್. 12.5 ಎಂಎಂ ಜಿಪ್ಸಮ್ ಹಲಗೆಯೇ ಸುಮಾರು 240 ಕೆಜಿ, ಫ್ರೇಮ್ ಬೇರೆ. ಇದನ್ನೆಲ್ಲ ಹಳೇ ಪಕಾಸಿಗೆ (ಹಂಚು ಹೊರುವ ಇಳಿಜಾರು ಮರಕ್ಕೆ) ತೂಗುಹಾಕುತ್ತಾರೆ. ಹಂಚಿಗೂ ಸೀಲಿಂಗಿಗೂ ನಡುವೆ ಇಲಿ, ಬಾವಲಿ ಸೇರುತ್ತವೆ. ಒಂದು ಹಂಚು ಸರಿದರೆ ಎಲ್ಲಿ ಸೋರ್ತಿದೆ ಅಂತ ಗೊತ್ತಾಗೋದು ಜಿಪ್ಸಮ್ ನೆನೆದು ಜೋತು ಬಿದ್ದ ಮೇಲೆ.

ಬೇಕಾದ್ದು ಬೆಳಕು. ಅದೇ ದುಡ್ಡಿನಲ್ಲಿ ಒಡೆದ ಹಂಚು ಬದಲಿಸಿ, ನಾಲ್ಕು ಗಾಜಿನ ಹಂಚು ಹಾಕಿಸಿ, ಪಕಾಸು, ರೀಪಿಗೆ ಒರಲೆ ಮದ್ದು ಬಳಿಸಿ. ಪೇಪರ್ ತಿದ್ದುವ ಮೇಜಿನ ಮೇಲೆ ಎಂಟಡಿ ಎತ್ತರಕ್ಕೆ ಇಳಿಸಿ ಟ್ಯೂಬ್ ಕಟ್ಟಲಿ. ಹಂಚಿನ ಮಾಡಿಗೆ ಬಿದ್ದ ಬೆಳಕು ಕೆಳಗೆ ವಾಪಸ್ ಬರಲ್ಲ.

ಶಿವಮೊಗ್ಗ_ಹುಡುಗಿ
ಟ್ಯೂಬ್ ವಿಷಯ ಬಂತಲ್ಲ, ಅಗ್ಗದ ಎಲ್‌ಇಡಿ ಟ್ಯೂಬ್ ಇದ್ದರೆ ವಿಡಿಯೋದಲ್ಲಿ ಪಟ್ಟೆ ಪಟ್ಟೆ ಬರೋದು ಯಾಕೆ?

ಕಲಾವಿಭಾಗ
ನಮ್ಮ ಕರೆಂಟ್ 50 ಹರ್ಟ್ಜ್, ಅಗ್ಗದ ಡ್ರೈವರ್ ಇದ್ದರೆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕ್ಯಾಮೆರಾ ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತೆ. ತಿದ್ದುವವರ ಕಣ್ಣಿಗೂ ಆ ಮಿನುಗು ಒಳ್ಳೇದಲ್ಲ, ಮಿನುಗು ಇಲ್ಲದ್ದನ್ನೇ ಕೇಳಿ. ಬೆಳಕಿನ ಬಣ್ಣ 4000 ಕೆಲ್ವಿನ್ ಇರಲಿ, ನೀಲಿ ಬಿಳುಪಿನ 6500 ಬೇಡ.

ಹೆಂಚಿನಮಾಡು
ನೆಲಕ್ಕೆ ವಿನೈಲ್ ಅಂಟಿಸಲು ಬಿಡಲೇಬೇಡಿ. ಕೆಂಪು ಗಾರೆ ನೆಲದ ಹೊಳಪು ಎಷ್ಟೋ ವರ್ಷ ಕಾಲು ಸವೆದು, ಒರೆಸಿ ಬಂದದ್ದು. ಅಂಟು ಹಾಕಿ ಕಿತ್ತರೆ ಆ ಮೈಯೇ ಏಳುತ್ತೆ, ಥಿನ್ನರ್ ಹಾಕಿ ಉಜ್ಜಿದರೆ ಮಚ್ಚೆ ನಿಲ್ಲುತ್ತೆ, ಅದೇ ಬಣ್ಣದಲ್ಲಿ ತೇಪೆ ಹಾಕುವ ಗಾರೆಯವರು ಈಗ ಬಹಳ ಕಡಿಮೆ. ಎರಡು ಬದಿ ಅಂಟುವ ಟೇಪೂ ಬೇಡ. ಕೇಬಲ್ ಹಿಡಿಸೋಕೆ ಬಟ್ಟೆಯ ಗ್ಯಾಫರ್ ಟೇಪ್ ಮಾತ್ರ, ಅದನ್ನೂ ಅದೇ ಸಂಜೆ ತೆಗೆಸಿ. ಏಣಿ, ಟ್ರೈಪಾಡ್ ಕಾಲಿಗೆ ರಬ್ಬರ್ ಅಥವಾ ಗೋಣಿತಟ್ಟು. ಕೆಲಸ ನಡೆಯುವಷ್ಟು ಹೊತ್ತು ನೆಲಕ್ಕೆ ಟಾರ್ಪಾಲು, ಅದರ ಮೇಲೆ ಹಳೇ ರಟ್ಟು. ಬರೀ ಟಾರ್ಪಾಲ್ ಆದರೆ ಸುಣ್ಣದ ನೀರು ಅಂಚಿನಿಂದ ಒಳಗೆ ಹೋಗಿ ಬಿಳಿ ಗೆರೆ ಬೀಳುತ್ತೆ.

ದಾಸ್ತಾನು_ವಹಿ
ಇನ್ನೆರಡು ಸಾಲು ಪತ್ರಕ್ಕೆ ಸೇರಿಸಿ. ಹಾನಿಯಾದರೆ ಯಾರು, ಎಷ್ಟು ದಿನದಲ್ಲಿ ಸರಿಮಾಡಿಕೊಡಬೇಕು ಅಂತ. ಮತ್ತೆ, ಕೆಲಸಕ್ಕೆ ಮೊದಲು ನಾಲ್ಕೂ ಗೋಡೆ, ನೆಲ, ಮಾಡು ಎಲ್ಲದರ ಫೋಟೋ ದಿನಾಂಕ ಸಮೇತ, ಎರಡೂ ಕಡೆಯವರ ಸಹಿ. ತಂಡದಲ್ಲಿ ಇಪ್ಪತ್ತು ಜನ ಬಂದರೂ ಬರಬಹುದು. ಊಟ, ನೀರು, ಶೌಚಾಲಯ ಯಾರ ಜವಾಬ್ದಾರಿ ಅಂತಲೂ ಬರೆಯಿರಿ.

ಮೇಷ್ಟ್ರು_ಸಾಗರಸೀಮೆ
ಇದೆಲ್ಲವನ್ನೂ ಮುಂದಿಟ್ಟು ಮಾತಾಡಿದೆವು. ಶೂಟಿಂಗ್ ದಸರಾ ರಜೆಗೆ ಹಾಕಲು ಒಪ್ಪಿದರು. ಸೀಲಿಂಗ್, ವಿನೈಲ್, ವಾಲ್‌ಪೇಪರ್ ಬಿಟ್ಟರು. ಕಾವಿ ಬಣ್ಣದ ಸುಣ್ಣ ಅವರಿಗೆ ತುಂಬ ಹಿಡಿಸಿತು. ರ್‍ಯಾಕ್ ಪ್ಲೈವುಡ್‌ನದ್ದೇ. ವೈರಿಂಗ್ ಬಗ್ಗೆ ಇನ್ನೂ ಜಗ್ಗಾಟ ನಡೆದಿದೆ. ಪಾಲಿಥಿನ್ ಹಾಳೆ ಇವತ್ತೇ ಅಂಟಿಸೋಣ ಅಂದರೆ ಸುಣ್ಣದ ಗೋಡೆಗೆ ಟೇಪ್ ಹಿಡಿಯುತ್ತಲೇ ಇಲ್ಲ. ಏನು ಮಾಡೋದು?

ಗಾರೆಕರಣೆ
ಟೇಪ್ ಬೀಳುವ ನಾಲ್ಕು ಅಂಚಲ್ಲಿ ಮಾತ್ರ ಎರಡು ಇಂಚು ಅಗಲಕ್ಕೆ ಸುಣ್ಣ ಕೆರೆದು ಒಣ ಬಟ್ಟೆಯಲ್ಲಿ ಒರೆಸಿ. ಆಗಲೂ ಹಿಡಿಯದಿದ್ದರೆ ಹಾಳೆಯ ಅಂಚಿಗೆ ತೆಳು ರೀಪರ್ ಪಟ್ಟಿ ಒತ್ತಿ, ಬೆಂಚು ಆನಿಸಿ ನಿಲ್ಲಿಸಿ. ಗಾಳಿ ಒಳಗೆ ಹೋಗದ ಹಾಗೆ ನೋಡಿಕೊಂಡರೆ ಸಾಕು. ಮೊಳೆ ಮಾತ್ರ ಹೊಡೀಬೇಡಿ.

ವೈರ್‌ಮನ್_ಶಿರಸಿ
ವೈರಿಂಗ್ ಪೂರ್ತಿ ಒಪ್ಪದಿದ್ದರೆ ಆರ್‌ಸಿಸಿಬಿ, ಅರ್ಥಿಂಗ್ ಇವೆರಡನ್ನಾದರೂ ಬಿಡಬೇಡಿ. ಸುಣ್ಣ ಬಳಿಯುವ ಮೊದಲೇ ಆಗಬೇಕು, ಆಮೇಲೆ ಗೋಡೆ ಕೊರೆದರೆ ಕಾವಿ ಬಣ್ಣಕ್ಕೆ ತೇಪೆ ಕೂರಲ್ಲ.